ಕರ್ನಲ್ ಕೋಡ್‌ನಲ್ಲಿ ಪಾಯಿಂಟರ್ ಮತ್ತು ಇಂಟಿಜರ್ ಕಾಸ್ಟ್: ಎಡವದೆ ಬರೆಯುವ ಕ್ರಮ

ಹೊಸಬರ ಡ್ರೈವರ್ ಪ್ಯಾಚ್‌ಗಳನ್ನು ನೋಡುವಾಗ ಒಂದೇ ತಪ್ಪು ಪದೇ ಪದೇ ಕಣ್ಣಿಗೆ ಬೀಳುತ್ತದೆ. ಪಾಯಿಂಟರ್ (ಮೆಮೊರಿ ಅಡ್ರೆಸ್ ಹಿಡಿಯುವ ಬೆಲೆ) ಅಗಲವೂ ಇಂಟಿಜರ್ (ಪೂರ್ಣಾಂಕ) ಅಗಲವೂ ಹೊಂದುತ್ತಿಲ್ಲ ಅಂತ ಕಂಪೈಲರ್ ವಾರ್ನಿಂಗ್ ಕೊಡುತ್ತದೆ. ಬರೆದವರು ಆ ಸಾಲಿಗೆ ಇನ್ನೊಂದು ಕಾಸ್ಟ್, ಅಂದರೆ ಬೆಲೆಯ ಟೈಪ್ ಬದಲಾಯಿಸುವ ಸೂಚನೆ, ಅಂಟಿಸುತ್ತಾರೆ. ವಾರ್ನಿಂಗ್ ಮಾಯ, ತಪ್ಪು ಮಾತ್ರ ಅಲ್ಲೇ. ಅವರ ಮೇಜಿನ ಮೇಲಿನ ಬೋರ್ಡ್‌ನಲ್ಲಿ ಎಲ್ಲ ಸರಿಯಾಗಿ ಓಡುತ್ತದೆ. ಬೇರೆಯವರ ಮೆಷಿನ್‌ನಲ್ಲಿ ಮೆಮೊರಿ ಕೆಡುತ್ತದೆ.

ಕಾಸ್ಟ್ ಬರೆದಿರಿ ಅಂದರೆ 'ಇಲ್ಲಿ ನೋಡಬೇಡ, ಜವಾಬ್ದಾರಿ ನನ್ನದು' ಅಂತ ಕಂಪೈಲರ್‌ಗೆ ಹೇಳಿದ ಹಾಗೆ. ಹಾಗೆ ಹೇಳುವ ಮುಂಚೆ ಮೂರು ವಿಷಯ ಗೊತ್ತಿರಬೇಕು: ಬೆಲೆಯ ಅಗಲ ಎಷ್ಟು, ಅದಕ್ಕೆ ಮೈನಸ್ ಇದೆಯೋ ಇಲ್ಲವೋ, ಅಡ್ರೆಸ್ ಆದರೆ ಅದು ಯಾರ ಅಡ್ರೆಸ್. ಮುಂದಿನ ಹಂತಗಳು ಈ ಮೂರನ್ನೇ ಹಿಡಿದು ಹೋಗುತ್ತವೆ. ಲಿನಕ್ಸ್ ಕರ್ನಲ್ ಇಟ್ಟುಕೊಂಡು ಬರೆದಿದ್ದೇನೆ. ಓದುವ ಓಟ ತಪ್ಪದಿರಲಿ ಅಂತ ಟೈಪ್ ಮತ್ತು ಮ್ಯಾಕ್ರೋ ಹೆಸರುಗಳೂ ಕನ್ನಡ ಅಕ್ಷರದಲ್ಲೇ ಇವೆ.

## ಕೈಯಲ್ಲಿ ಇರಬೇಕಾದ ಸಾಮಾನು

ಜಿಸಿಸಿ ಮತ್ತು ಕ್ಲ್ಯಾಂಗ್ ಎರಡೂ ಕಂಪೈಲರ್ ಇರಲಿ. ಒಂದು ಬಿಟ್ಟ ತಪ್ಪನ್ನು ಇನ್ನೊಂದು ಹಿಡಿಯುತ್ತದೆ. ಕೋಡ್ ಓಡಿಸದೆಯೇ ಟೈಪ್ ತಪ್ಪು ಹುಡುಕುವ ಸ್ಪಾರ್ಸ್ ಹಾಕಿಕೊಳ್ಳಿ, ಬಹುತೇಕ ಡಿಸ್ಟ್ರೋಗಳ ಪ್ಯಾಕೇಜ್‌ನಲ್ಲೇ ಸಿಗುತ್ತದೆ. 32-ಬಿಟ್ ಎಆರ್‌ಎಂ ಸಿಪಿಯುಗೆ ನಿಮ್ಮ ಮೆಷಿನ್‌ನಲ್ಲೇ ಬಿಲ್ಡ್ ಮಾಡುವ ಕ್ರಾಸ್ ಕಂಪೈಲರ್ ಬೇಕು. ನೀವು 64-ಬಿಟ್ ಡ್ರೈವರ್ ಮಾತ್ರ ಬರೆಯುವವರಾದರೂ ಬೇಕು. ಕಾಸ್ಟ್ ತಪ್ಪುಗಳಲ್ಲಿ ಬಹಳಷ್ಟು ಬಯಲಾಗುವುದು 32-ಬಿಟ್ ಬಿಲ್ಡ್‌ನಲ್ಲೇ. ಓಡಿಸಿ ನೋಡಲು ಕ್ಯೂಎಮು ಅನ್ನುವ ವರ್ಚುವಲ್ ಮೆಷಿನ್ ಇರಲಿ, ಅದಕ್ಕೆ 4 ಜಿಬಿಗಿಂತ ಜಾಸ್ತಿ ಮೆಮೊರಿ ಕೊಡಿ. ಯಾಕೆ ಅನ್ನುವುದು ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

## 1. ಮೊದಲು ಕೇಳಿಕೊಳ್ಳಿ: ಕಾಸ್ಟ್ ಬೇಕೇ ಬೇಕಾ?

ಸುಮಾರು ಕಾಸ್ಟ್‌ಗಳು ಸುಮ್ನೆ ಇರುತ್ತವೆ. ಸಿ ಭಾಷೆಯಲ್ಲಿ ವಾಯ್ಡ್ ಪಾಯಿಂಟರ್ (ಟೈಪ್ ಹೇಳದ ಪಾಯಿಂಟರ್) ಬೇರೆ ಯಾವ ಡೇಟಾ ಪಾಯಿಂಟರ್‌ಗೆ ಬೇಕಾದರೂ ತಾನಾಗಿ ಬದಲಾಗುತ್ತದೆ. ಮೆಮೊರಿ ಕೊಡುವ ಕೆಮ್ಯಾಲಾಕ್‌ನಿಂದ ಬಂದದ್ದಕ್ಕೆ ಕಾಸ್ಟ್ ಬೇಡ. ಫೈಲ್‌ನ ಪ್ರೈವೇಟ್ ಡೇಟಾ ತೆಗೆಯುವಾಗಲೂ ಬೇಡ. ಅಲ್ಲಿ ಕಾಸ್ಟ್ ಹಾಕಿದರೆ ನಷ್ಟವೇ. ನಾಳೆ ಆ ಫೀಲ್ಡ್‌ನ ಟೈಪ್ ಬದಲಾದರೆ ಕಂಪೈಲರ್ ಹೇಳಬೇಕಿದ್ದ ಮಾತನ್ನು ನೀವೇ ತಡೆದಿರುತ್ತೀರಿ.

ಸ್ಟ್ರಕ್ಟ್‌ನ ಒಳಗಿನ ಸದಸ್ಯನಿಂದ ಹೊರಗಿನ ಸ್ಟ್ರಕ್ಟ್‌ಗೆ ಹೋಗಲು ಕಂಟೇನರ್_ಆಫ್ ಇದೆ. ಸದಸ್ಯ ಮೊದಲ ಜಾಗದಲ್ಲೇ ಇದ್ದಾನೆ ಅಂತ ನೇರ ಕಾಸ್ಟ್ ಮಾಡುವವರಿದ್ದಾರೆ. ಯಾರೋ ಒಬ್ಬರು ಮೇಲೆ ಇನ್ನೊಂದು ಫೀಲ್ಡ್ ಸೇರಿಸಿದ ದಿನ ಅದು ಮುರಿಯುತ್ತದೆ, ಒಂದು ವಾರ್ನಿಂಗ್ ಕೂಡ ಬರುವುದಿಲ್ಲ. ಕಂಟೇನರ್_ಆಫ್ ಆದರೆ ಟೈಪ್ ಹೊಂದದಿದ್ದಾಗ ಬಿಲ್ಡ್ ಅನ್ನೇ ನಿಲ್ಲಿಸುತ್ತದೆ.

ಟೈಮರ್ ಕಾಲ್‌ಬ್ಯಾಕ್‌ಗಳೂ ಇದೇ ದಾರಿ ಹಿಡಿದವು. ಮುಂಚೆ ಅವು ಒಂದು ಅನ್‌ಸೈನ್ಡ್ ಲಾಂಗ್ (ಮೈನಸ್ ಇಲ್ಲದ ಇಂಟಿಜರ್) ತೆಗೆದುಕೊಳ್ಳುತ್ತಿದ್ದವು. ಎಲ್ಲ ಡ್ರೈವರ್‌ಗಳೂ ಪಾಯಿಂಟರನ್ನು ಅದರೊಳಗೆ ತುರುಕಿ, ಆ ಕಡೆ ಮತ್ತೆ ಕಾಸ್ಟ್ ಮಾಡಿ ತೆಗೆಯುತ್ತಿದ್ದವು. ಲಿನಕ್ಸ್ 4.15 ಆವೃತ್ತಿ ಬರುವ ಹೊತ್ತಿಗೆ ಟೈಮರ್ ಪಾಯಿಂಟರನ್ನೇ ಕೊಡುವ ಹಾಗೆ ಬದಲಾಯಿತು. ನಿಮ್ಮ ಕೋಡ್‌ನಲ್ಲೂ ಹೋಗುವಾಗ ಒಂದು, ಬರುವಾಗ ಒಂದು ಅಂತ ಜೋಡಿ ಕಾಸ್ಟ್ ಕಂಡರೆ ಫಂಕ್ಷನ್‌ನ ಸಹಿಯನ್ನೇ (ಅದು ತೆಗೆದುಕೊಳ್ಳುವ, ಕೊಡುವ ಟೈಪ್‌ಗಳನ್ನೇ) ಬದಲಾಯಿಸಲು ಆಗುತ್ತದಾ ಅಂತ ಮೊದಲು ನೋಡಿ.

ಕಾನ್ಸ್ಟ್ ಕಿತ್ತುಹಾಕಲು ಕಾಸ್ಟ್ ಬಳಸಲೇಬೇಡಿ. ಆ ಡೇಟಾ ಓದಲು ಮಾತ್ರ ಇರುವ ಪೇಜ್‌ನಲ್ಲಿದ್ದರೆ ಬರೆದ ಕ್ಷಣವೇ ಫಾಲ್ಟ್.

## 2. ಅಗಲ ಬರೆದಿಟ್ಟುಕೊಳ್ಳಿ

ಕಾಸ್ಟ್ ಉಳಿಯಲೇಬೇಕು ಅನ್ನುವ ಜಾಗದಲ್ಲಿ ಎರಡೂ ಕಡೆಯ ಟೈಪ್‌ನ ಅಗಲವನ್ನು ಹಾಳೆಯ ಮೇಲೆ ಬರೆಯಿರಿ. ನಾನು ಈಗಲೂ ಬರೆಯುತ್ತೇನೆ.

ಲಿನಕ್ಸ್‌ನಲ್ಲಿ ಇಂಟ್ ಯಾವಾಗಲೂ 32 ಬಿಟ್. ಲಾಂಗ್‌ನ ಅಗಲವೂ ಪಾಯಿಂಟರ್‌ನ ಅಗಲವೂ ಒಂದೇ: 32-ಬಿಟ್ ಕರ್ನಲ್‌ನಲ್ಲಿ 32, 64-ಬಿಟ್‌ನಲ್ಲಿ 64. ಅದಕ್ಕೇ ಇಲ್ಲಿ ಅಡ್ರೆಸ್ ಹಿಡಿಯಲು ಅನ್‌ಸೈನ್ಡ್ ಲಾಂಗ್ ರೂಢಿಯಲ್ಲಿದೆ. 64-ಬಿಟ್ ವಿಂಡೋಸ್‌ನಲ್ಲಿ ಲಾಂಗ್ 32 ಬಿಟ್ಟೇ, ಅಲ್ಲಿಂದ ಕೋಡ್ ತರುವವರಿಗೆ ಈ ಲೆಕ್ಕ ತಪ್ಪುತ್ತದೆ. ಎರಡೂ ಕಡೆ ಓಡಬೇಕಾದ ಕೋಡ್ ಆದರೆ ಪಾಯಿಂಟರ್ ಹಿಡಿಸುವಷ್ಟು ಅಗಲದ ಯುಇಂಟ್‌ಪಿಟಿಆರ್_ಟಿ ಬಳಸಿ.

ಜನ ಮರೆಯುವುದು ಫಿಸಿಕಲ್ ಅಡ್ರೆಸ್ಸನ್ನು, ಅಂದರೆ ಮೆಮೊರಿಯ ನಿಜವಾದ ಜಾಗದ ಅಡ್ರೆಸ್ಸನ್ನು. 32-ಬಿಟ್ ಎಆರ್‌ಎಂನಲ್ಲಿ ಎಲ್‌ಪಿಎಇ, ಎಕ್ಸ್86ನಲ್ಲಿ ಪಿಎಇ (ಎರಡೂ 4 ಜಿಬಿ ಮೀರಿದ ಮೆಮೊರಿ ಮುಟ್ಟುವ ಸೌಲಭ್ಯ) ಆನ್ ಇದ್ದರೆ ಪಾಯಿಂಟರ್ 32 ಬಿಟ್, ಫಿಸ್_ಅಡ್ರ್_ಟಿ 64 ಬಿಟ್. ಅಂದರೆ ಫಿಸಿಕಲ್ ಅಡ್ರೆಸ್ ಪಾಯಿಂಟರ್‌ನಲ್ಲೂ ಹಿಡಿಸುವುದಿಲ್ಲ, ಅನ್‌ಸೈನ್ಡ್ ಲಾಂಗ್‌ನಲ್ಲೂ ಹಿಡಿಸುವುದಿಲ್ಲ. ಫಿಸಿಕಲ್‌ಗೆ ಫಿಸ್_ಅಡ್ರ್_ಟಿ, ಡಿವೈಸ್‌ಗೆ ಕೊಡುವುದಕ್ಕೆ ಡಿಎಂಎ_ಅಡ್ರ್_ಟಿ, ಕರ್ನಲ್ ಪಾಯಿಂಟರ್‌ಗೆ ಪಾಯಿಂಟರ್. ಈ ಮೂರನ್ನೂ ಒಂದೇ ಯು64 (ಮೈನಸ್ ಇಲ್ಲದ 64-ಬಿಟ್ ಸಂಖ್ಯೆ) ವೇರಿಯಬಲ್‌ನಲ್ಲಿ ತಿರುಗಿಸಬೇಡಿ.

ಪ್ರಿಂಟ್ ಮಾಡುವಾಗಲೂ ಕಾಸ್ಟ್ ಬೇಡ. ಪಾಯಿಂಟರ್‌ಗೆ '%ಪಿ' ಇದೆ, 4.15ರಿಂದ ಅದು ನಿಜವಾದ ಅಡ್ರೆಸ್ ಬದಲು ಹ್ಯಾಶ್ ತೋರಿಸುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಪಾಯಿಂಟರನ್ನು ಲಾಂಗ್‌ಗೆ ಕಾಸ್ಟ್ ಮಾಡಿ ಪ್ರಿಂಟ್ ಮಾಡಿದರೆ ಕರ್ನಲ್ ಅಡ್ರೆಸ್ ಹೊರಗೆ ಸೋರುತ್ತದೆ. ಫಿಸ್_ಅಡ್ರ್_ಟಿಗೆ '%ಪಿಎ' ಬಳಸಿ, ವೇರಿಯಬಲ್‌ನ ಅಡ್ರೆಸ್ ಕೊಡಿ, ಬೆಲೆ ಕೊಡಬೇಡಿ.

## 3. ಪಾಯಿಂಟರ್ ಮತ್ತು ಸಂಖ್ಯೆ ನಡುವೆ ಒಂದೇ ಸೇತುವೆ

ಪಾಯಿಂಟರ್‌ನಿಂದ ಯು32ಗೋ, ಯು64ನಿಂದ ಪಾಯಿಂಟರ್‌ಗೋ ನೇರವಾಗಿ ಹಾರಬೇಡಿ. ನಡುವೆ ಅನ್‌ಸೈನ್ಡ್ ಲಾಂಗ್ ಅಥವಾ ಯುಇಂಟ್‌ಪಿಟಿಆರ್_ಟಿ ಬರಬೇಕು. ಮೊದಲು ಅಗಲ ಬದಲಾಯಿಸಿ, ಆಮೇಲೆ ಜಾತಿ ಬದಲಾಯಿಸಿ.

ಆದರೆ ಈ ಸೇತುವೆ ವಾರ್ನಿಂಗ್ ಅನ್ನೂ ನುಂಗುತ್ತದೆ, ಇಲ್ಲಿ ಎಚ್ಚರ ಬೇಕು. ಯೂಸರ್‌ಸ್ಪೇಸ್‌ನಿಂದ (ಕರ್ನಲ್ ಹೊರಗಿನ ಪ್ರೋಗ್ರಾಂಗಳಿಂದ) ಯು64 ಆಗಿ ಬಂದ ಅಡ್ರೆಸ್ಸಿಗೆ ಯು64_ಟು_ಯೂಸರ್_ಪಿಟಿಆರ್ ಅನ್ನುವ ಮ್ಯಾಕ್ರೋ ಇದೆ. ಕೊಟ್ಟದ್ದು ಯು64 ಹೌದಾ ಅಂತ ಅದು ನೋಡುತ್ತದೆ. 32-ಬಿಟ್ ಕರ್ನಲ್‌ನಲ್ಲಿ ಮೇಲಿನ 32 ಬಿಟ್‌ನಲ್ಲಿ ಏನಾದರೂ ಇದ್ದರೆ ಸದ್ದಿಲ್ಲದೆ ಬೀಳಿಸುತ್ತದೆ. ಹಾಗಾಗಿ ಯೂಸರ್ ಕೊಟ್ಟ ಬೆಲೆಯನ್ನು ಯುಇಂಟ್‌ಪಿಟಿಆರ್_ಟಿಗೆ ಇಳಿಸಿ, ಮತ್ತೆ ಯು64ಗೆ ಏರಿಸಿ, ಮೂಲಕ್ಕೆ ಹೋಲಿಸಿ. ಬೇರೆಯಾದರೆ ಇಐಎನ್‌ವಿಎಎಲ್ (ಕೊಟ್ಟ ಬೆಲೆ ಸರಿಯಿಲ್ಲ ಅನ್ನುವ ಎರರ್) ಕೊಟ್ಟು ಹೊರಬನ್ನಿ. ಎರಡೇ ಸಾಲಿನ ಕೆಲಸ.

ಪಾಯಿಂಟರ್ ಜಾಗದಲ್ಲಿ ಸಣ್ಣ ಸಂಖ್ಯೆ ಇಡುವ ರೂಢಿಯೂ ಇದೆ. ಡಿವೈಸ್ ಟೇಬಲ್‌ನ ಡೇಟಾ ಫೀಲ್ಡ್‌ನಲ್ಲಿ ಚಿಪ್‌ನ ಮಾದರಿ ಸಂಖ್ಯೆ ಇಡುತ್ತೀರಿ ಅಲ್ವಾ? ಹೊರತೆಗೆಯುವಾಗ ಪಾಯಿಂಟರ್‌ನಿಂದ ನೇರ ಈನಮ್‌ಗೆ (ಹೆಸರಿಟ್ಟ ಸಂಖ್ಯೆಗಳ ಟೈಪ್) ಕಾಸ್ಟ್ ಮಾಡಿದರೆ ಕ್ಲ್ಯಾಂಗ್ ಗೊಣಗುತ್ತದೆ. ಅಲ್ಲೂ ನಡುವೆ ಯುಇಂಟ್‌ಪಿಟಿಆರ್_ಟಿ ಹಾಕಿ. ಈನಮ್ ಅನ್ನು ಸೊನ್ನೆಯಿಂದ ಶುರು ಮಾಡಬೇಡಿ. ಸೊನ್ನೆ ಅಂದರೆ ಪಾಯಿಂಟರ್ ಲೆಕ್ಕದಲ್ಲಿ ನಲ್. 'ಮೊದಲ ಮಾದರಿ' ಮತ್ತು 'ಡೇಟಾ ಇಲ್ಲ' ಎರಡೂ ಒಂದೇ ಥರ ಕಾಣುತ್ತವೆ. 1ರಿಂದ ಶುರು ಮಾಡಿ. ಅದಕ್ಕಿಂತ ಒಳ್ಳೆಯದು, ಮಾದರಿಗೊಂದು ಸ್ಟ್ರಕ್ಟ್ ಮಾಡಿ ಅದರ ಪಾಯಿಂಟರ್ ಇಡಿ. ಆಗ ಕಾಸ್ಟೇ ಬೇಡ.

ಎರರ್ ಸಂಖ್ಯೆಯನ್ನು ಪಾಯಿಂಟರ್ ರೂಪದಲ್ಲಿ ಕೊಡುವ ಎರರ್ ಪಾಯಿಂಟರ್‌ಗೂ ಇದೇ ಸಂಬಂಧ. ಅಡ್ರೆಸ್ ಸಾಲಿನ ಕೊನೆಯ 4095 ಬೆಲೆಗಳನ್ನು ಕರ್ನಲ್ ಎರರ್ ಅಂತ ಓದುತ್ತದೆ. ಈಸ್_ಎರರ್ ಕೇಳಿ, ಆಮೇಲೆ ಪಿಟಿಆರ್_ಎರರ್ ತೆಗೆಯಿರಿ, ಅದನ್ನು ಇಂಟ್ ಅಥವಾ ಲಾಂಗ್‌ನಲ್ಲೇ ಹಿಡಿಯಿರಿ. ಯು32ನಲ್ಲಿ ಹಿಡಿದರೆ 'ಸೊನ್ನೆಗಿಂತ ಕಡಿಮೆಯಾ' ಅನ್ನುವ ಪ್ರಶ್ನೆಗೆ ಯಾವತ್ತೂ ಹೌದು ಅಂತ ಉತ್ತರ ಬರುವುದಿಲ್ಲ.

## 4. ಮೊದಲು ಅಗಲ ಮಾಡಿ, ಆಮೇಲೆ ಲೆಕ್ಕ ಮಾಡಿ

ಅತಿ ಹೆಚ್ಚು ಜನ ಬೀಳುವ ಹಳ್ಳ ಇದು. ಸಿ ಭಾಷೆ ಲೆಕ್ಕದ ಅಗಲವನ್ನು ಲೆಕ್ಕದೊಳಗಿನ ಬೆಲೆಗಳಿಂದ ತೀರ್ಮಾನಿಸುತ್ತದೆ. ಉತ್ತರ ಯಾವ ವೇರಿಯಬಲ್‌ಗೆ ಹೋಗುತ್ತದೆ ಅಂತ ನೋಡುವುದೇ ಇಲ್ಲ.

ಒಂದು ಲೆಕ್ಕ ನೋಡೋಣ. ಎಲ್‌ಪಿಎಇ ಇರುವ 32-ಬಿಟ್ ಎಆರ್‌ಎಂನಲ್ಲಿ 5 ಜಿಬಿ ಗುರುತಿನ ಪೇಜ್ ಬೇಕು. 4096 ಬೈಟ್‌ನ ಪೇಜ್ ಆದರೆ ಪೇಜ್ ಫ್ರೇಮ್ ನಂಬರ್ (ಪಿಎಫ್‌ಎನ್) 1310720. ಅದು ಅನ್‌ಸೈನ್ಡ್ ಲಾಂಗ್‌ನಲ್ಲಿದೆ, ಅಂದರೆ 32 ಬಿಟ್. '(ಫಿಸ್_ಅಡ್ರ್_ಟಿ)(ಪಿಎಫ್‌ಎನ್ << 12)' ಅಂತ ಬರೆದಿರಿ. ಉತ್ತರ 5368709120 ಬರಬೇಕಿತ್ತು. ಬರುವುದು 1073741824, ಅಂದರೆ 1 ಜಿಬಿ. ಶಿಫ್ಟ್ ಆಗುವಾಗಲೇ ಮೇಲಿನ ಬಿಟ್ ಉದುರಿಹೋಗಿತ್ತು, ಕಾಸ್ಟ್ ಬಂದದ್ದು ಆಮೇಲೆ. ಕಾಸ್ಟ್ ಶಿಫ್ಟ್‌ಗಿಂತ ಮುಂಚೆ ಆಗಬೇಕು: '(ಫಿಸ್_ಅಡ್ರ್_ಟಿ)ಪಿಎಫ್‌ಎನ್ << 12'. ಇದಕ್ಕೆ ಪಿಎಫ್‌ಎನ್_ಫಿಸ್ ಅನ್ನುವ ಸಿದ್ಧ ಮ್ಯಾಕ್ರೋ ಇದೆ, ಅದನ್ನೇ ಬಳಸಿ.

ಗುಣಾಕಾರಕ್ಕೂ ಇದೇ ನಿಯಮ. ಎರಡು ಯು32 ಗುಣಿಸಿ ಆಮೇಲೆ ಯು64 ಮಾಡಿದರೆ ತಡವಾಯಿತು. ಮೆಮೊರಿ ಅಲೋಕೇಶನ್‌ನಲ್ಲಂತೂ ಕೈಯಾರೆ ಗುಣಿಸಬೇಡಿ. ಕೆಮ್ಯಾಲಾಕ್_ಅರೇ, ಕೆಕ್ಯಾಲಾಕ್, ಸ್ಟ್ರಕ್ಟ್_ಸೈಜ್ ಇವೆ. ಉತ್ತರ ಹಿಡಿಸದಿದ್ದರೆ ಅಲೋಕೇಶನ್ ಸೋಲುತ್ತದೆ, ಚಿಕ್ಕ ಬಫರ್ ಕೈಗೆ ಬರುವುದಿಲ್ಲ. ಬೇರೆ ಕಡೆಗಳಿಗೆ ಚೆಕ್_ಆ್ಯಡ್_ಓವರ್‌ಫ್ಲೋ, ಚೆಕ್_ಮುಲ್_ಓವರ್‌ಫ್ಲೋ ಇವೆ.

ಈಗ ಮಾಸ್ಕ್, ಅಂದರೆ ಬೇಡದ ಬಿಟ್‌ಗಳನ್ನು ಅಳಿಸುವ ಬೆಲೆ. ನಾನೇ ಒಂದು ವಾರ ಹುಡುಕಿದ ತಪ್ಪು ಇದು. ಒಂದು ಬೋರ್ಡ್‌ನಲ್ಲಿ 2 ಜಿಬಿ ಮೆಮೊರಿ ಇದ್ದಷ್ಟು ದಿನ ಡ್ರೈವರ್ ಚೆನ್ನಾಗಿತ್ತು. 8 ಜಿಬಿ ಹಾಕಿದ ಮೇಲೆ ಆಗೊಮ್ಮೆ ಈಗೊಮ್ಮೆ ಸಂಬಂಧವೇ ಇಲ್ಲದ ಪ್ರೋಗ್ರಾಂ ಸಾಯುತ್ತಿತ್ತು. ಕೊನೆಗೆ ಸಿಕ್ಕ ಸಾಲು 'ಅಡ್ರೆಸ್ & ~(ಸೈಜ್ - 1)'. ಅಡ್ರೆಸ್ ಯು64, ಸೈಜ್ ಯು32. ಓದಿದರೆ ಏನೂ ತಪ್ಪು ಕಾಣುವುದಿಲ್ಲ. ಸೈಜ್ 4096 ಆದರೆ ಒಳಗಿನ ಮಾಸ್ಕ್ 32 ಬಿಟ್‌ನಲ್ಲೇ ತಯಾರಾಗುತ್ತದೆ. ಆಮೇಲೆ 64 ಬಿಟ್‌ಗೆ ಏರುವಾಗ ಮೇಲಿನ ಅರ್ಧಕ್ಕೆ ಸೊನ್ನೆ ತುಂಬುತ್ತದೆ. ಆ್ಯಂಡ್ ಮಾಡಿದ ಕೂಡಲೇ ಅಡ್ರೆಸ್‌ನ ಮೇಲಿನ ಅರ್ಧ ಹೋಯಿತು. 5 ಜಿಬಿಯಲ್ಲಿರುವ ಬಫರ್‌ಗೆ ಬರೆಯಬೇಕಾದದ್ದು 1 ಜಿಬಿಯಲ್ಲಿರುವ ಯಾರದೋ ಪೇಜ್‌ಗೆ ಬಿತ್ತು. ಮೆಮೊರಿ ಎಲ್ಲ 4 ಜಿಬಿ ಗುರುತಿನ ಕೆಳಗೇ ಇದ್ದಾಗ ಮೇಲಿನ ಅರ್ಧ ಹೇಗೂ ಸೊನ್ನೆ, ಅದಕ್ಕೇ ಅಷ್ಟು ದಿನ ಕಾಣಲಿಲ್ಲ.

ವಿಚಿತ್ರ ಏನೆಂದರೆ, ಅದೇ ಸೈಜ್ ಇಂಟ್ ಆಗಿದ್ದರೆ ಸರಿಯಾಗಿ ಓಡುತ್ತಿತ್ತು. ಆಗ ಮಾಸ್ಕ್ -4096 ಆಗಿ, ಮೇಲಿನ ಅರ್ಧಕ್ಕೆ ಒಂದುಗಳು ತುಂಬುತ್ತವೆ. ಯಾರೋ ಒಳ್ಳೆಯ ಮನಸ್ಸಿನಿಂದ ಇಂಟ್ ತೆಗೆದು ಯು32 ಹಾಕಿದರೆ ಸಾಕು, ಓಡುತ್ತಿದ್ದ ಕೋಡ್ ಕೆಡುತ್ತದೆ. ಕೈಯಾರೆ ಮಾಸ್ಕ್ ಬರೆಯುವ ಬದಲು ಅಲೈನ್_ಡೌನ್ ಅಥವಾ ರೌಂಡ್_ಡೌನ್ ಬಳಸಿ. ಅವು ಮಾಸ್ಕನ್ನು ಅಡ್ರೆಸ್‌ನ ಟೈಪ್‌ನಲ್ಲೇ ಮಾಡುತ್ತವೆ.

ಬಿಟ್ ಹಾಕುವಾಗ '1 << 40' ಬರೆಯಬೇಡಿ, ಆ 1 ಇಂಟ್. 64-ಬಿಟ್ ರಿಜಿಸ್ಟರ್‌ಗೆ ಬಿಟ್_ಯುಎಲ್‌ಎಲ್ ಬಳಸಿ. ಬರೀ ಬಿಟ್ ಮ್ಯಾಕ್ರೋ ಅನ್‌ಸೈನ್ಡ್ ಲಾಂಗ್, 32-ಬಿಟ್ ಬಿಲ್ಡ್‌ನಲ್ಲಿ 31ರ ಮೇಲೆ ಹೋಗುವುದಿಲ್ಲ.

## 5. ಮೈನಸ್ ಎಲ್ಲಿ ಹೋಯಿತು ನೋಡಿ

ಚಿಕ್ಕ ಟೈಪ್‌ಗಳು ಲೆಕ್ಕಕ್ಕೆ ಬಂದ ತಕ್ಷಣ ಇಂಟ್ ಆಗುತ್ತವೆ. ಯು8 ಕೂಡ. ಬಫರ್‌ನ ಮೊದಲ ಬೈಟ್ 128 ಅಂದುಕೊಳ್ಳಿ. 'ಬಫ್[0] << 24' ಬರೆದು ಯು64ಗೆ ಹಾಕಿದಿರಿ. ಸಿಗಬೇಕಾದದ್ದು 2147483648. ಅದು ಇಂಟ್‌ನಲ್ಲಿ ಹಿಡಿಸದೆ ಮೈನಸ್ ಆಗುತ್ತದೆ, ಯು64ಗೆ ಹೋಗುವಾಗ ಮೇಲೆಲ್ಲ ಒಂದುಗಳು ತುಂಬಿ 18446744071562067968 ಆಗುತ್ತದೆ. ಬೈಟ್ 127ರ ತನಕ ಇದ್ದರೆ ಏನೂ ಆಗುವುದಿಲ್ಲ, ಟೆಸ್ಟ್ ಎಲ್ಲ ಪಾಸ್. ಬೈಟ್ ಜೋಡಿಸುವ ಕೆಲಸವನ್ನು ಗೆಟ್_ಅನ್‌ಅಲೈನ್ಡ್_ಬಿಇ32 (ದೊಡ್ಡ ಬೈಟ್ ಮೊದಲು) ಅಥವಾ ಎಲ್‌ಇ32ಗೆ (ಚಿಕ್ಕ ಬೈಟ್ ಮೊದಲು) ಬಿಡಿ.

ಎರಡನೆಯದು ಹೋಲಿಕೆ. ಓದುವ ಫಂಕ್ಷನ್ ಎಷ್ಟು ಬೈಟ್ ಬಂತು ಅಂತ ಹೇಳುತ್ತದೆ, ಸೋತರೆ -5ರಂಥ ಎರರ್ ಕೊಡುತ್ತದೆ. ನೀವು 'ರೆಟ್ < ಸೈಜ್‌ಆಫ್(ಹೆಡರ್) ಆದರೆ ಹೊರಗೆ' ಅಂತ ಬರೆಯುತ್ತೀರಿ. ಸೈಜ್‌ಆಫ್ ಅನ್‌ಸೈನ್ಡ್. ಹೋಲಿಸುವಾಗ -5 ಕೂಡ ಅನ್‌ಸೈನ್ಡ್ ಆಗಿ ಭಾರಿ ದೊಡ್ಡ ಸಂಖ್ಯೆಯಾಗುತ್ತದೆ, ಹೆಡರ್‌ಗಿಂತ ಚಿಕ್ಕದು ಅಂತ ಯಾರೂ ಹೇಳುವುದಿಲ್ಲ. ಎರರ್ ಬಂದಿದ್ದರೂ ಡ್ರೈವರ್ ಮುಂದೆ ಹೋಗಿ ಬಫರ್‌ನ ಕಸ ಓದುತ್ತದೆ. ಮೊದಲು ಸೊನ್ನೆಗಿಂತ ಕಡಿಮೆಯಾ ಅಂತ ಬೇರೆ ಸಾಲಿನಲ್ಲಿ ಕೇಳಿ, ಆಮೇಲೆ ಉದ್ದ ಹೋಲಿಸಿ. ಕರ್ನಲ್‌ನ ಮಾಮೂಲಿ ಬಿಲ್ಡ್ ಈ ವಾರ್ನಿಂಗ್ ಕೊಡುವುದಿಲ್ಲ.

ಮಿನ್_ಟಿಯೂ ಹೀಗೇ ಕೈಕೊಡುತ್ತದೆ. ಎರಡರಲ್ಲಿ ಚಿಕ್ಕದನ್ನು ಕೊಡುವ ಮಿನ್ ಮ್ಯಾಕ್ರೋ ಟೈಪ್ ಹೊಂದುತ್ತಿಲ್ಲ ಅಂತ ದೂರಿದಾಗ ಬಾಯಿ ಮುಚ್ಚಿಸಲು ಮಿನ್_ಟಿಗೆ ಇಂಟ್ ಕೊಡುವವರು ಜಾಸ್ತಿ. ಸೈಜ್_ಟಿ (ಅಳತೆ ಹಿಡಿಯುವ ಅನ್‌ಸೈನ್ಡ್ ಟೈಪ್) ಬೆಲೆ 2 ಜಿಬಿ ಮುಟ್ಟಿದರೆ ಇಂಟ್‌ನಲ್ಲಿ ಮೈನಸ್ ಆಗಿ, 'ಚಿಕ್ಕದು' ಅಂತ ಅದೇ ಗೆಲ್ಲುತ್ತದೆ. ಎರಡೂ ಕಡೆ ಒಂದೇ ಟೈಪ್ ಮಾಡಿ ಮಿನ್ ಬಳಸಿ. ಆಗದಿದ್ದರೆ ಎರಡರಲ್ಲಿ ಅಗಲವಾದ, ಅನ್‌ಸೈನ್ಡ್ ಆದ ಟೈಪ್ ಕೊಡಿ.

ಈ ಹಂತವನ್ನು ಯಾಕೆ ಇಷ್ಟು ಹಿಡಿದು ಹೇಳುತ್ತಿದ್ದೇನೆ ಅಂದರೆ, 2021ರ ಜುಲೈನಲ್ಲಿ ಭದ್ರತಾ ಕಂಪನಿ ಕ್ವಾಲಿಸ್‌ನವರು ಸೆಕ್ವೋಯಾ ಅನ್ನುವ ಹೆಸರಿನಲ್ಲಿ ಒಂದು ದೋಷ ಹೊರಗಿಟ್ಟರು. ಅದರ ದಾಖಲೆ ಸಂಖ್ಯೆ ಸಿವಿಇ-2021-33909. ಒಟ್ಟು ಉದ್ದ 1 ಜಿಬಿ ಮೀರುವಷ್ಟು ಆಳದ ಫೋಲ್ಡರ್ ಮಾಡಿ, ಮೌಂಟ್ ಮಾಡಿ, ಅಳಿಸಿ, ಆಮೇಲೆ ಮೌಂಟ್ ಪಟ್ಟಿ ಓದಿದರೆ ಕರ್ನಲ್ 2 ಜಿಬಿಯ ಬಫರ್ ಮಾಡುತ್ತಿತ್ತು. ಬಫರ್‌ನ ಅಳತೆ ಸೈಜ್_ಟಿ. ಒಳಗಿನ ಫಂಕ್ಷನ್ ತೆಗೆದುಕೊಳ್ಳುತ್ತಿದ್ದದ್ದು ಇಂಟ್. 2147483648 ಅಲ್ಲಿ -2147483648 ಆಯಿತು. ಬಫರ್‌ನ ಕೊನೆ ಅಂತ ತಿಳಿದುಕೊಂಡ ಜಾಗ ಬಫರ್‌ಗಿಂತ 2 ಜಿಬಿ ಹಿಂದಿತ್ತು. ಆ ಮೈನಸ್ ಉದ್ದದಿಂದ 10 ಕಳೆದರೆ ಇಂಟ್ ಮತ್ತೆ ಸುತ್ತಿ ಪ್ಲಸ್ ಆಯಿತು, 'ಸೊನ್ನೆಗಿಂತ ಕಡಿಮೆಯಾ' ಅನ್ನುವ ತಪಾಸಣೆಯೂ ದಾಟಿತು. ಫೋಲ್ಡರ್ ಅಳಿಸಿದೆ ಅಂತ ಹೇಳುವ 10 ಬೈಟ್ ಹೊರಗೆಲ್ಲೋ ಬರೆದುಹೋಯಿತು. ಅಷ್ಟರಿಂದಲೇ ಸಾಮಾನ್ಯ ಯೂಸರ್ ರೂಟ್ (ಎಲ್ಲ ಅಧಿಕಾರವಿರುವ ಯೂಸರ್) ಆಗಬಹುದಿತ್ತು. 2014ರ 3.16 ಆವೃತ್ತಿಯಿಂದ ಇದು ಹಾಗೇ ಇತ್ತು. ಆ ಸಾಲಿನಲ್ಲಿ ಯಾರೂ ಕಾಸ್ಟ್ ಬರೆದಿರಲಿಲ್ಲ ಅನ್ನುವುದನ್ನು ಗಮನಿಸಿ. ಫಂಕ್ಷನ್ ಕರೆಯುವಾಗ ತಾನಾಗಿ ಆದ ಬದಲಾವಣೆ ಅದು. ಉದ್ದ ಒಂದು ಫಂಕ್ಷನ್‌ನಿಂದ ಇನ್ನೊಂದಕ್ಕೆ ದಾಟುವ ಪ್ರತಿ ಬಾಗಿಲಲ್ಲೂ ಟೈಪ್ ನೋಡಿ.

## 6. ಇದು ಯಾರ ಅಡ್ರೆಸ್?

ಅಗಲ, ಮೈನಸ್ ಎರಡೂ ಸರಿ ಇದ್ದರೂ ಅಡ್ರೆಸ್ ಬೇರೆ ಮನೆಯದಾಗಿರಬಹುದು. ಯೂಸರ್ ಪಾಯಿಂಟರ್‌ಗೆ '__ಯೂಸರ್', ಡಿವೈಸ್ ರಿಜಿಸ್ಟರ್‌ಗೆ '__ಐಒಮೆಮ್' ಗುರುತು ಇವೆ. ಕಂಪೈಲರ್‌ಗೆ ಇವು ಹೆಚ್ಚುಕಡಿಮೆ ಅಲಂಕಾರ, ಸ್ಪಾರ್ಸ್‌ಗೆ ಇದೇ ಮುಖ್ಯ. ಪ್ರೋಗ್ರಾಂ ಡ್ರೈವರ್‌ಗೆ ಆಜ್ಞೆ ಕೊಡುವ ಐಒಸಿಟಿಎಲ್ ಕರೆಯ ಆರ್ಗ್ಯುಮೆಂಟ್ ಅನ್‌ಸೈನ್ಡ್ ಲಾಂಗ್ ಆಗಿ ಬರುತ್ತದೆ. ಅದನ್ನು ಫಂಕ್ಷನ್‌ನ ಮೊದಲ ಸಾಲಿನಲ್ಲೇ ಗುರುತು ಸಮೇತ ಪಾಯಿಂಟರ್ ಮಾಡಿ, ಒಂದೇ ಸಲ. ಮುಂದೆ ಎಲ್ಲ ಕಡೆ ಅದೇ ವೇರಿಯಬಲ್ ಬಳಸಿ.

'__ಫೋರ್ಸ್' ಅನ್ನುವುದು ಸ್ಪಾರ್ಸ್‌ನ ಬಾಯಿ ಮುಚ್ಚಿಸುವ ಕಾಸ್ಟ್. ಡ್ರೈವರ್‌ನಲ್ಲಿ ಅದು ಕಂಡರೆ ಸಾಮಾನ್ಯವಾಗಿ ತಪ್ಪು ಅಲ್ಲಿಗೆ ತುಂಬ ಹತ್ತಿರ ಇರುತ್ತದೆ. '__ಎಲ್‌ಇ32' ಬೆಲೆಯನ್ನು ಯು32ಗೆ ಫೋರ್ಸ್ ಮಾಡುವ ಬದಲು ಎಲ್‌ಇ32_ಟು_ಸಿಪಿಯು ಕರೆಯಿರಿ.

32-ಬಿಟ್ ಪ್ರೋಗ್ರಾಂ 64-ಬಿಟ್ ಕರ್ನಲ್ ಮೇಲೆ ಓಡುವುದನ್ನು ಮರೆಯಬೇಡಿ. ಯೂಸರ್‌ಸ್ಪೇಸ್ ಜೊತೆ ಹಂಚಿಕೊಳ್ಳುವ ಸ್ಟ್ರಕ್ಟ್‌ನಲ್ಲಿ ಪಾಯಿಂಟರ್, ಲಾಂಗ್ ಬೇಡ. ಯು32ರ ನಂತರ ಯು64 ಬಂದರೆ 32-ಬಿಟ್ ಎಕ್ಸ್86ನಲ್ಲಿ ಸ್ಟ್ರಕ್ಟ್ 12 ಬೈಟ್, 64-ಬಿಟ್‌ನಲ್ಲಿ 16. ನಡುವಿನ ಜಾಗಕ್ಕೆ ನೀವೇ ಒಂದು ಯು32 ಇಟ್ಟು, ಅದು ಸೊನ್ನೆಯೇ ಇರಬೇಕು ಅಂತ ತಪಾಸಿಸಿ.

ಯು8 ಪಾಯಿಂಟರನ್ನು ಯು32 ಪಾಯಿಂಟರ್ ಮಾಡಿ ಓದುವುದೂ ಇದೇ ಗುಂಪಿನ ತಪ್ಪು. ಅಡ್ರೆಸ್ 4ರಿಂದ ಭಾಗವಾಗದಿದ್ದರೆ ಎಕ್ಸ್86 ಸಹಿಸಿಕೊಳ್ಳುತ್ತದೆ, ಬೇರೆ ಕೆಲವು ಸಿಪಿಯುಗಳು ಟ್ರ್ಯಾಪ್ ಆಗುತ್ತವೆ. ಗೆಟ್_ಅನ್‌ಅಲೈನ್ಡ್ ಬಳಸಿ.

## 7. ಫಂಕ್ಷನ್ ಪಾಯಿಂಟರ್‌ಗೆ ಕಾಸ್ಟ್ ಬೇಡ

ಇಲ್ಲಿ ಜಾಸ್ತಿ ಹೇಳುವುದಿಲ್ಲ. ಸಹಿ ಹೊಂದದ ಫಂಕ್ಷನನ್ನು ಕಾಸ್ಟ್ ಮಾಡಿ ಕಾಲ್‌ಬ್ಯಾಕ್ ಜಾಗದಲ್ಲಿ ಕೂರಿಸಬೇಡಿ. ಕ್ಲ್ಯಾಂಗ್‌ನ ಸಿಎಫ್‌ಐ (ಕರೆಯುವ ಫಂಕ್ಷನ್‌ನ ಸಹಿ ಹೊಂದುತ್ತದಾ ಅಂತ ಓಡುವಾಗ ನೋಡುವ ರಕ್ಷಣೆ) ಆನ್ ಇರುವ ಕರ್ನಲ್ ಆ ಕರೆಯನ್ನು ದಾಳಿ ಅಂತ ಎಣಿಸಿ ನಿಲ್ಲಿಸುತ್ತದೆ. ಸರಿಯಾದ ಸಹಿಯ ಮೂರು ಸಾಲಿನ ಪುಟ್ಟ ಫಂಕ್ಷನ್ ಬರೆದು ಒಳಗಿಂದ ನಿಮ್ಮದನ್ನು ಕರೆಯಿರಿ.

## 8. ಬಿಲ್ಡ್ ಮಾಡಿ, ಓಡಿಸಿ, ಈ ಕ್ರಮದಲ್ಲೇ

ಮೊದಲು ಮಾಮೂಲಿ ಬಿಲ್ಡ್, ಒಂದೂ ವಾರ್ನಿಂಗ್ ಇರಬಾರದು. ಆಮೇಲೆ 'ಮೇಕ್ ಡಬ್ಲ್ಯೂ=1 ಸಿ=1'. ಡಬ್ಲ್ಯೂ ಅಂದರೆ ಹೆಚ್ಚುವರಿ ವಾರ್ನಿಂಗ್‌ಗಳ ಮಟ್ಟ. ಸಿ=1 ಅಂದರೆ ಹೊಸದಾಗಿ ಕಂಪೈಲ್ ಆಗುವ ಫೈಲ್‌ಗಳ ಮೇಲೆ ಸ್ಪಾರ್ಸ್ ಓಡುತ್ತದೆ, ಸಿ=2 ಅಂದರೆ ಎಲ್ಲದರ ಮೇಲೆ. ನಂತರ 32-ಬಿಟ್ ಎಆರ್‌ಎಂಗೆ ಎಲ್‌ಪಿಎಇ ಆನ್ ಮಾಡಿ ಒಮ್ಮೆ, ಆಫ್ ಮಾಡಿ ಒಮ್ಮೆ. ನಂತರ ಕ್ಲ್ಯಾಂಗ್.

ನಿಮ್ಮ ಒಂದು ಫೈಲ್‌ಗೆ ಮಾತ್ರ ಡಬ್ಲ್ಯೂ=3 ಹಾಕಿ ನೋಡಿ. ಸೈನ್ ಹೋಲಿಕೆ, ಅಗಲ ಇಳಿಕೆಯ ವಾರ್ನಿಂಗ್‌ಗಳು ಅಲ್ಲಿವೆ. ಹೆಡರ್‌ಗಳಿಂದಲೇ ನೂರಾರು ಸಾಲು ಬರುತ್ತವೆ, ಹೆದರಬೇಡಿ. ನಿಮ್ಮ ಫೈಲ್ ಹೆಸರಿರುವ ಸಾಲುಗಳನ್ನು ಮಾತ್ರ ಹೆಕ್ಕಿ, ಒಂದೊಂದಾಗಿ ಓದಿ. ಅವನ್ನೆಲ್ಲ ಕಾಸ್ಟ್ ಹಾಕಿ ಮುಚ್ಚಲು ಹೋಗಬೇಡಿ. ಟೈಪ್ ಸರಿ ಮಾಡಿದರೆ ಹೋಗುವಂಥದ್ದನ್ನು ಸರಿ ಮಾಡಿ, ಉಳಿದದ್ದನ್ನು ಹಾಗೇ ಬಿಡಿ.

ಓಡಿಸುವಾಗ ಯುಬಿಸ್ಯಾನ್ (ತಪ್ಪು ಲೆಕ್ಕ ಹಿಡಿಯುವುದು), ಕಾಸ್ಯಾನ್ (ತಪ್ಪು ಮೆಮೊರಿ ಬಳಕೆ ಹಿಡಿಯುವುದು) ಎರಡೂ ಆನ್ ಇರಲಿ. ಶಿಫ್ಟ್ ತಪ್ಪನ್ನು ಯುಬಿಸ್ಯಾನ್ ಸಾಲಿನ ಸಮೇತ ಹೇಳುತ್ತದೆ. ಕ್ಯೂಎಮುಗೆ 8 ಜಿಬಿ ಕೊಡಿ. ಉದ್ದ ಕೇಳುವ ಪ್ರತಿ ಜಾಗಕ್ಕೂ 0, -1, 2147483647, 2147483648, 4294967295, 4294967296 ಕೊಟ್ಟು ನೋಡಿ. ಬೈಟ್ ಕೇಳುವ ಕಡೆ 127, 128, 255.

## ಕಂಡ ಕೂಡಲೇ ನಿಲ್ಲಬೇಕಾದ ಗುರುತುಗಳು

ಊಪ್ಸ್‌ನಲ್ಲಿ (ಕರ್ನಲ್ ಎಡವಿದಾಗ ಬರುವ ಎರರ್ ವರದಿಯಲ್ಲಿ) ಬಿದ್ದ ಅಡ್ರೆಸ್‌ನ ಮೇಲಿನ ಅರ್ಧ ಪೂರ್ತಿ ಸೊನ್ನೆ, ಕೆಳಗಿನ ಅರ್ಧ ಮಾತ್ರ ಸರಿಯಾಗಿ ಕಾಣುತ್ತಿದ್ದರೆ ಎಲ್ಲೋ ಯು32 ಮೂಲಕ ಹಾದು ಬಂದಿದೆ. ನಾಲ್ಕನೇ ಹಂತಕ್ಕೆ ಹೋಗಿ. ಮೇಲಿನ ಅರ್ಧ ಪೂರ್ತಿ ಎಫ್ ಇದ್ದು, ಅಲ್ಲಿ ಸೊನ್ನೆ ಇರಬೇಕಿತ್ತು ಅಂತ ನಿಮಗೆ ಖಾತ್ರಿ ಇದ್ದರೆ ಮೈನಸ್ ಹರಡಿದೆ, ಐದಕ್ಕೆ ಹೋಗಿ. 32-ಬಿಟ್ ಪ್ರೋಗ್ರಾಂಗೆ ಮಾತ್ರ ಇಫಾಲ್ಟ್ (ತಪ್ಪು ಅಡ್ರೆಸ್ ಅನ್ನುವ ಎರರ್) ಬಂದು 64-ಬಿಟ್ಟಿನದು ಸರಿಯಾಗಿದ್ದರೆ ಆರು.

ಮೆಮೊರಿ ಜಾಸ್ತಿ ಹಾಕಿದ ಮೇಲೆ ಶುರುವಾದ ತೊಂದರೆ, ಕೆಲವೇ ಸೀರಿಯಲ್ ನಂಬರ್‌ನ ಡಿವೈಸ್‌ಗೆ ಮಾತ್ರ ಬರುವ ತೊಂದರೆ, ಪ್ರಿಂಟ್ ಸಾಲು ಸೇರಿಸಿದರೆ ಮಾಯವಾಗುವ ತೊಂದರೆ: ಈ ಮೂರರಲ್ಲಿ ಯಾವುದು ಬಂದರೂ ನಾನು ಲಾಜಿಕ್ ಹುಡುಕುವ ಮುಂಚೆ ಫೈಲ್ ತೆರೆದು ಕಾಸ್ಟ್‌ಗಳನ್ನೇ ಮೊದಲು ಎಣಿಸುತ್ತೇನೆ. ರಿವ್ಯೂಗೆ ಕಳಿಸುವಾಗ ಉಳಿದ ಪ್ರತಿ ಕಾಸ್ಟ್‌ನ ಪಕ್ಕ ಒಂದು ಸಾಲಿನ ಕಾಮೆಂಟ್ ಇರಲಿ: ಬೆಲೆ ಎಷ್ಟರೊಳಗೆ ಇರುತ್ತದೆ, ಅದನ್ನು ಯಾವ ಸಾಲಿನಲ್ಲಿ ತಪಾಸಿಸಿದ್ದೀರಿ. ಆ ಸಾಲು ಬರೆಯಲು ಆಗುತ್ತಿಲ್ಲ ಅಂದರೆ ಪ್ಯಾಚ್ ಕಳಿಸುವ ಮುಂಚೆ ಮತ್ತೆ ಒಂದನೇ ಹಂತಕ್ಕೆ ಹೋಗಿ.